ರೆಗ್ಯುಲೇಟರ್ ತಿರುಗದ ಮಧ್ಯಾಹ್ನ

ನಮ್ಮ ಸಹನಾಗೆ ಕೆಲಸ ಸಿಕ್ಕಿದೆ! ಮೊದಲು ಇದನ್ನ ಬರೆದುಬಿಡ್ತೀನಿ, ಉಳಿದದ್ದೆಲ್ಲ ಆಮೇಲೆ. ಸಹನಾ ಅಂದರೆ ನನ್ನ ಮಗಳ ಮಗಳು. ನಾನೇ ಎಣ್ಣೆ ಹಚ್ಚಿ ಜಡೆ ಹೆಣೆದು ಸ್ಕೂಲಿಗೆ ಕಳಿಸುತ್ತಿದ್ದ ಹುಡುಗಿ. ಹೊಸ ಸೀರಿಯಲ್ ಬರೋಕೆ ಮುಂಚೆ ಅದರ ಮೊದಲನೇ ಕಂತನ್ನ ಜನಕ್ಕೆ ತೋರಿಸಿ, ಹೇಗಿದೆ ಹೇಳಿ ಅಂತ ಕೇಳೋ ಕಂಪನಿಯಂತೆ. ಮಾರತ್ತಹಳ್ಳಿ ಕಡೆ ಆಫೀಸು. ಅವಳು ಫೋನಲ್ಲಿ ಹೇಳುತ್ತಿದ್ದಾಗ ಒಲೆ ಮೇಲಿದ್ದ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದಿತ್ತು. ನನಗೆ ಅದರ ಕಡೆ ಜ್ಞಾನವೇ ಇಲ್ಲ. ಸಂಜೆ ಬೀದಿಯವರಿಗೆಲ್ಲ ಮೈಸೂರುಪಾಕು ಹಂಚಿಬಂದೆ. ಕೊನೇ ಮನೆಯವರು, ಆರು ತಿಂಗಳಿಂದ ನನ್ನ ಹತ್ತಿರ ಮಾತು ಬಿಟ್ಟವರು, ಅವರಿಗೂ ಕೊಟ್ಟೆ.

ಅಷ್ಟು ಸಂತೋಷ ಯಾಕಂದರೆ ಅದು ನಾನು ಮಾಡಿದ ಕೆಲಸ. ಅವಳು ಕಂಪ್ಯೂಟರ್ ಮುಂದೆ ಕೂತು ಮಾಡ್ತಾಳೆ, ನಾನು ಹವಾಯಿ ಚಪ್ಪಲಿ ಸವೆಸಿ ಮಾಡಿದೆ, ಅಷ್ಟೇ. "ಅಜ್ಜಿ, ಆಫೀಸಲ್ಲಿ ಹೊಸದಾಗಿ ನಾಲ್ಕು ಜನ ಸೇರಿದೀವಿ. ನಿನ್ನ ಕಾಲದಲ್ಲಿ ಹೆಂಗಿತ್ತು ಅಂತ ಬರ್ಕೊಡು, ಎಲ್ಲರೂ ಓದ್ತೀವಿ" ಅಂದಳು. ನಾನು ಓದಿರೋದು ನಾಲ್ಕನೇ ಕ್ಲಾಸು. ಒತ್ತು, ದೀರ್ಘ ಹೆಚ್ಚುಕಮ್ಮಿ ಆದರೆ ನೀವೇ ಸರಿಮಾಡಿಕೊಳ್ಳಿ ಮಕ್ಕಳಾ.

ನಮ್ಮ ಮನೆಯವರು ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ನಾನು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದೆ. ಒಂದು ದಿನ ಜೀನ್ಸ್ ಪ್ಯಾಂಟ್ ಹಾಕಿದ್ದ ಒಬ್ಬ ಹೆಣ್ಣುಮಗಳು ಬಂದು ಬಟ್ಟೆ ಸೋಪಿನ ವಿಷಯ ಏನೇನೋ ಕೇಳಿದಳು. ಕೇಳಿ ಮುಗಿಸಿ, "ಅಕ್ಕ, ಇನ್ನೂ ನಾಲ್ಕು ಮನೆ ತೋರಿಸ್ತೀರಾ?" ಅಂದಳು. ಕೈಯಲ್ಲಿದ್ದ ಕರಿ ಹಿಟ್ಟನ್ನ ತೊಳೆದುಕೊಂಡು ಹೊರಟೆ. ಅವರೇ ಮಾಲಿನಿ ಮೇಡಂ. ಆಮೇಲೆ ಟೀವಿ ಚಾನಲ್ಲುಗಳ ಕೆಲಸ ಹಿಡಿದಾಗ ನನ್ನನ್ನೇ ಕರೆದರು. ಹೊಸ ಸೀರಿಯಲ್ಲಿನ ಮೊದಲನೇ ಕಂತು ತೋರಿಸಬೇಕು, ಎಂಟು ಜನ ಹೆಂಗಸರು ಬೇಕು. ನಾಲ್ಕು ಜನ ಜಾಲಹಳ್ಳಿ ಕ್ವಾರ್ಟರ್ಸ್ ಕಡೆಯವರು, ನಾಲ್ಕು ಜನ ಪೀಣ್ಯದ ವಠಾರಗಳವರು. ಕರೆದುತರೋದು, ನೀರು ಕಾಫಿ ಕೊಡೋದು, ಮೂಲೇಲಿ ಕೂತಿರೋದು, ವಾಪಸ್ ಮನೆ ಮುಟ್ಟಿಸೋದು ನನ್ನ ಕೆಲಸ. ಮಾತಾಡಿಸೋದು ಮಾಲಿನಿ ಮೇಡಂ ಕೆಲಸ. ಬೀದೀಲಿ ನನ್ನನ್ನ ರತ್ನಮ್ಮ ಅನ್ನೋದು ಬಿಟ್ಟು "ಮೀಟಿಂಗ್ ಅಕ್ಕ" ಅನ್ನೋಕೆ ಶುರುಮಾಡಿದರು.

ಮೊದಲು ಮಾಡಿದ ಎಡವಟ್ಟು ಹೇಳ್ತೀನಿ, ನಗಬೇಡಿ. ಆಗ ಆಫೀಸು ಗೀಫೀಸು ಏನಿಲ್ಲ, ನಮ್ಮ ಮನೆ ಹಾಲಲ್ಲೇ ಟೀವಿ, ಸೀಡಿ ಪ್ಲೇಯರು. ಮನೆಗೆ ಹೆಂಗಸರು ಬಂದರೆ ನಾವು ಏನು ಮಾಡ್ತೀವಿ? ಅರಿಶಿನ ಕುಂಕುಮ ಕೊಟ್ಟೆ, ಮುಡಿಯೋಕೆ ಹೂವು ಕೊಟ್ಟೆ, ಬಿಸಿಬಿಸಿ ಈರುಳ್ಳಿ ಬಜ್ಜಿ ಕೊಟ್ಟೆ. ಆಮೇಲೆ ಕಂತು ಹಾಕಿದ್ದು. ಅದೋ, ಕೆಟ್ಟ ಸೀರಿಯಲ್ಲು. ನನಗೇ ಎರಡು ಸಲ ತೂಕಡಿಕೆ ಬಂತು. ಮುಗಿದ ಮೇಲೆ ಮೇಡಂ ಹೆಂಗಿತ್ತು ಅಂತ ಕೇಳಿದರೆ ಒಬ್ಬೊಬ್ಬರೂ, "ಚೆನ್ನಾಗಿತ್ತು ಕಣ್ರೀ", "ಬಹಳ ಚೆನ್ನಾಗಿತ್ತು." ಏನು ಚೆನ್ನಾಗಿತ್ತು ಅಂದರೆ, "ಎಲ್ಲಾನೂ." ಆ ಸೀರಿಯಲ್ಲು ಟೀವಿಗೆ ಬಂತು, ಯಾರೂ ನೋಡಲಿಲ್ಲ, ನಿಂತುಹೋಯಿತು. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ನಮ್ಮ ಎದುರುಮನೆ ಹೆಂಗಸನ್ನ ನಾನು ಆಮೇಲೆ ಕೇಳಿದೆ, "ಅಲ್ಲ ಕಣೇ, ಅವತ್ತು ಚೆನ್ನಾಗೈತೆ ಅಂದೆ?"

"ಇನ್ನೇನಕ್ಕ ಅನ್ನಲಿ? ನಿಮ್ಮನೇಲಿ ಕುಂಕುಮ ಇಟ್ಕೊಂಡು, ಬಜ್ಜಿ ತಿಂದು, ನಿಮ್ಮನೆ ಟೀವಿನ ಬೈಯಕ್ಕಾಗುತ್ತಾ?"

ಅವತ್ತಿಂದ ಮೊದಲು ಕಂತು, ಆಮೇಲೆ ಮಾತು, ಕಡೇಲಿ ಬಜ್ಜಿ, ಕುಂಕುಮ. ಈಗ ನೀವು ಮಕ್ಕಳು ಫೋನಿಗೇ ಕೂಪನ್ ಕಳಿಸ್ತೀರಂತೆ. ಅದನ್ನೂ ಕಡೇಲೇ ಕಳಿಸಿ.

ಇನ್ನೊಂದು ಕನ್ನಡಿ ಕಥೆ. ಮಾಲಿನಿ ಮೇಡಂ ಕಂಪನಿ ಬೆಳೆದು ಮಾರತ್ತಹಳ್ಳಿಯಲ್ಲಿ ಆಫೀಸಾಯಿತು. ಅಲ್ಲಿ ಒಂದು ರೂಮು, ಗೋಡೆ ತುಂಬ ಕನ್ನಡಿ. ನಮ್ಮ ಕಡೆಯಿಂದ ಕನ್ನಡಿ, ಆ ಕಡೆಯಿಂದ ಗಾಜು. ಆ ಕಡೆ ಚಾನಲ್ಲಿನ ದೊಡ್ಡವರು ಕತ್ತಲಲ್ಲಿ ಕೂತು ಬಿಸ್ಕತ್ತು ತಿನ್ನುತ್ತಾ ನಮ್ಮನ್ನ ನೋಡೋರು. ನಮ್ಮ ಹೆಂಗಸರಿಗೆ ಇದೇನು ಗೊತ್ತು? ಪೀಣ್ಯದಿಂದ ವ್ಯಾನಲ್ಲಿ ಕುಲುಕಿಕೊಂಡು ಬಂದವರು. ಕನ್ನಡಿ ಕಂಡಿದ್ದೇ ತಡ, ಒಬ್ಬಳು ಹಲ್ಲು ಕಿಸಿದು ಎಲೆ ಅಡಿಕೆ ಸಿಕ್ಕಿಕೊಂಡಿದೆಯಾ ನೋಡಿದಳು, ಒಬ್ಬಳು ಜಡೆ ಬಿಚ್ಚಿ ಮತ್ತೆ ಹಾಕಿದಳು, ಶಾಂತವ್ವ ಅನ್ನೋಳು ಕನ್ನಡಿಗೆ ಹಣೆ ತಾಗಿಸುವಷ್ಟು ಹತ್ತಿರ ಹೋಗಿ ಕುಂಕುಮ ನೆಟ್ಟಗೆ ಮಾಡಿಕೊಂಡಳು. ಆ ಕಡೆ ಕೂತವರ ಮೂಗಿಗೂ ಅವಳ ಮೂಗಿಗೂ ನಡುವೆ ಗಾಜು ಅಷ್ಟೇ. ಮಾಲಿನಿ ಮೇಡಂ ತಡೆಯಲಾರದೆ, "ಹಿಂದೆ ಜನ ಇದಾರಮ್ಮ" ಅಂದುಬಿಟ್ಟರು. ತಗೋ, ಎಲ್ಲರ ಸೆರಗೂ ತಲೆ ಮೇಲೆ. ಆ ದಿನ ಒಂದು ಮಾತೂ ಹೊರಡಲಿಲ್ಲ.

ಶಾಂತವ್ವನ ಹೆಸರು ಬಂತಲ್ಲ, ಇನ್ನು ಅವಳ ವಿಷಯಕ್ಕೇ ಬರ್ತೀನಿ. ನಾನು ಬರೆಯಬೇಕು ಅಂತ ಕೂತಿದ್ದೇ ಅದನ್ನ. ಉಳಿದದ್ದು ಕೈ ಪಳಗಲಿ ಅಂತ ಬರೆದೆ ಅನ್ನಿ.

ಶಾಂತವ್ವ ಬಾಗಲಕೋಟೆ ಕಡೆಯವಳು. ಗಾರೆ ಕೆಲಸಕ್ಕೆ ಅಂತ ಗಂಡನ ಜೊತೆ ಬಂದು, ಆಮೇಲೆ ನಟ್ಟು ಬೋಲ್ಟು ಪ್ಯಾಕ್ ಮಾಡೋ ಶೆಡ್ಡಿಗೆ ಸೇರಿದ್ದಳು. ನಮ್ಮ ಹಿಂದಿನ ವಠಾರದಲ್ಲಿ ಒಂದು ರೂಮು. ಗಂಡ ಗೋವಾ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದಾನೆ ಅಂತಿದ್ದಳು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯೋಳು. ಸೀರಿಯಲ್ ಬಗ್ಗೆ ಅವಳು ಹೇಳಿದ್ದು ಮಾಲಿನಿ ಮೇಡಂಗೆ ಬಹಳ ಇಷ್ಟ. ಒಂದು ಸಲ ಒಬ್ಬ ಹೀರೋಯಿನ್ ಬೆಳಿಗ್ಗೆ ಎದ್ದ ತಕ್ಷಣ ರೇಷ್ಮೆ ಸೀರೆಯಲ್ಲಿ ಕಾಫಿ ತರೋದು ನೋಡಿ, "ಈಕಿ ರಾತ್ರಿ ಕುಂತಾ ಮಲಗಿರಬೇಕ ನೋಡ್ರಿ, ಒಂದ ನೆರಗಿ ಕೆಟ್ಟಿಲ್ಲ" ಅಂದಿದ್ದಳು. ಗಾಜಿನ ಆ ಕಡೆಯಿಂದ ನಗು ಕೇಳಿಸಿತ್ತು.

ಅಷ್ಟೊತ್ತಿಗೆ ಹೊಸ ಪದ್ಧತಿ ಬಂತು. ಕೈಯಲ್ಲಿ ಹಿಡಿಯೋ ಒಂದು ಡಬ್ಬಿ, ಅದರ ಮೇಲೆ ತಿರುಗಿಸೋ ಗುಂಡಿ. ನೋಡುತ್ತಾ ನೋಡುತ್ತಾ ಇಷ್ಟ ಆದರೆ ಬಲಕ್ಕೆ, ಬೇಜಾರಾದರೆ ಎಡಕ್ಕೆ. ಫ್ಯಾನಿನ ರೆಗ್ಯುಲೇಟರ್ ಥರಾನೇ ಇತ್ತು, ಅದಕ್ಕೆ ನಾವೆಲ್ಲ ರೆಗ್ಯುಲೇಟರ್ ಅಂತಲೇ ಅಂತಿದ್ದೆವು. ಎಲ್ಲರ ಗುಂಡಿಯೂ ಸೇರಿ ಕಂಪ್ಯೂಟರಲ್ಲಿ ಒಂದು ಗೆರೆ ಏಳೋದು, ಬೀಳೋದು. ಬಾಯಲ್ಲಿ ಮುಲಾಜು ಇರುತ್ತೆ, ಕೈಯಲ್ಲಿ ಇರಲ್ಲ ಅಂತ ಮಾಲಿನಿ ಮೇಡಂ ಹೇಳಿದರು. ನನಗೂ ಸರಿ ಅನ್ನಿಸಿತು. ಬಜ್ಜಿ ಕಥೆ ನೆನಪಿತ್ತಲ್ಲ.

ಆ ಮಧ್ಯಾಹ್ನ ಎರಡು ಸೀರಿಯಲ್ಲು ಇದ್ದವು. ಎರಡರಲ್ಲಿ ಒಂದನ್ನ ಚಾನಲ್ಲಿನವರು ಆರಿಸಿಕೊಳ್ಳಬೇಕು. ಮೊದಲನೆಯದು ದೊಡ್ಡ ಬಂಗಲೆ, ಸುತ್ತು ಮೆಟ್ಟಿಲು, ಮೈತುಂಬ ಒಡವೆ, ಅತ್ತೆ ಒಂದು ಮಾತು ಅಂದರೆ ಎಲ್ಲರ ಮುಖವನ್ನೂ ಮೂರು ಮೂರು ಸಲ ತೋರಿಸೋದು. ನಮ್ಮವರು ಖುಷಿಯಾಗಿ ನೋಡಿದರು. ಸೀರೆ ಬಂದರೆ ಬಲಕ್ಕೆ, ಒಡವೆ ಬಂದರೆ ಬಲಕ್ಕೆ, ಅತ್ತೆ ಬಂದರೆ ಎಡಕ್ಕೆ. ಪಕ್ಕದವಳಿಗೆ ತಿವಿದು, "ಆ ಬ್ಲೌಸ್ ಡಿಸೈನು ನೋಡ್ರೀ" ಅನ್ನೋದು, ಮತ್ತೆ ಗುಂಡಿ ತಿರುಗಿಸೋದು. ಒಳ್ಳೇ ಆಟ.

ಎರಡನೆಯದು ಶುರುವಾಯಿತು. ಹಿಂದೆ ಸಂಗೀತವೇ ಇಲ್ಲ. ಯಾವುದೋ ಫ್ಯಾಕ್ಟರಿ ಸೈರನ್ನು, ಶಿಫ್ಟ್ ಬಿಟ್ಟು ಹೆಂಗಸರು ಬರುತ್ತಿದಾರೆ. ಅದರಲ್ಲಿ ಒಬ್ಬಳು ನೀಲಾ. ಅವಳ ಗಂಡ ಹೇಳದೆ ಕೇಳದೆ ಎಲ್ಲಿಗೋ ಹೋಗಿ ವರ್ಷವಾಗಿದೆ. ಊರಲ್ಲಿರೋ ಅತ್ತೆಗೆ ಅದು ಗೊತ್ತಿಲ್ಲ. ಅತ್ತೆ ಫೋನ್ ಮಾಡಿದಾಗೆಲ್ಲ ನೀಲಾ, "ಶಿಫ್ಟಿಗೆ ಹೋಗಿದಾರೆ", "ಈಗ ತಾನೇ ಮಲಗಿದರು" ಅಂತ ಹೇಳಿಕೊಂಡು ಬಂದಿದಾಳೆ. ಆ ದಿನ ಕೆಲಸ ಮುಗಿಸಿ ರೂಮಿಗೆ ಬಂದರೆ ಅತ್ತೆ ಚೀಲ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದೆ. ಮಗನನ್ನ ನೋಡಬೇಕು ಅನ್ನಿಸಿ ಬಸ್ ಹತ್ತಿ ಬಂದುಬಿಟ್ಟಿದೆ. ಒಳ್ಳೇ ಅತ್ತೆ, ಪಾಪ. ಸೊಸೆಗೆ ಅಂತ ಹುಣಸೆಹಣ್ಣು, ಮಗನಿಗೆ ಅಂತ ಎಳ್ಳುಂಡೆ ಕಟ್ಟಿಕೊಂಡು ಬಂದಿದೆ. ನೀಲಾ ಅನ್ನ ಮಾಡ್ತಾಳೆ. ಅತ್ತೆ ಮೂರು ತಟ್ಟೆ ಇಡುತ್ತೆ. "ನೀವು ಊಟ ಮಾಡಿ ಅತ್ತೆ, ಅವರು ಬರೋದು ತಡ" ಅಂದರೆ, "ಬರಲಿ ತಾಯಿ, ಅವನು ಬಂದ ಮೇಲೇ ಒಟ್ಟಿಗೆ ಉಣ್ಣೋಣ" ಅಂತ ಗೋಡೆಗೆ ಒರಗಿ ಕೂರುತ್ತೆ. ನೀಲಾ ಬಾಯಿ ತೆರೀತಾಳೆ, ಏನೋ ಹೇಳಬೇಕು ಅಂತ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅತ್ತೆ ಮುಖ ಅರಳುತ್ತೆ. ಮತ್ತೆ ಬಾಗಿಲು ಬಡಿದ ಸದ್ದು. ಅಲ್ಲಿಗೆ ಮುಗಿಯಿತು.

ಲೈಟ್ ಹಾಕಿದರು. ಮಾಲಿನಿ ಮೇಡಂ, "ಹೇಗಿತ್ತು? ಹೇಳಿ" ಅಂದರು. ಒಬ್ಬಳು, "ಹ್ಞೂಂ" ಅಂದಳು. ಕ್ವಾರ್ಟರ್ಸ್ ಕಡೆಯ ಒಬ್ಬ ಮೇಡಂ ಕನ್ನಡಕ ತೆಗೆದು ಸೆರಗಲ್ಲಿ ಒರೆಸುತ್ತಾ ಕೂತರು. ಶಾಂತವ್ವ ನೆಲ ನೋಡುತ್ತಿದ್ದಳು. ಏನೇನು ಕೇಳಿದರೂ, "ಆಯ್ತು ಬಿಡಿ ಮೇಡಂ", "ಪರವಾಗಿಲ್ಲ." ನನಗೂ ಹೇಳೋದು ಎಷ್ಟೋ ಇತ್ತು, ಆದರೆ ಮೂಲೇಲಿ ಕೂತವಳು ನಾನು ಬಾಯಿ ಹಾಕೋ ಹಾಗಿಲ್ಲ.

ಕಂಪ್ಯೂಟರಲ್ಲಿ ಮೊದಲನೇ ಸೀರಿಯಲ್ಲಿಗೆ ಗೆರೆ ಗುಡ್ಡ ಗುಡ್ಡವಾಗಿ ಬಂದಿತ್ತು. ನೀಲಾ ಕಥೆಗೆ ಗೆರೆ ನೆಟ್ಟಗೆ ಮಲಗಿತ್ತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಗಾಜಿನ ಆ ಕಡೆಯಿಂದ ದೊಡ್ಡವರು ಎದ್ದು ಬಂದು, "ಇದು ಜನರನ್ನ ಮುಟ್ಟೇ ಇಲ್ಲ" ಅಂದರು. ಕಂಪ್ಯೂಟರು ತೋರಿಸಿದ್ದನ್ನೇ ಅವರೂ ಹೇಳಿದರು, ಅವರದ್ದೂ ತಪ್ಪಲ್ಲ.

ಇನ್ನು ವ್ಯಾನು. ರಿಂಗ್ ರೋಡಲ್ಲಿ ಹೊರಟಿತು. ಬರೋವಾಗ ವಟವಟ ಅಂದವರು ಈಗ ಒಬ್ಬರೂ ಉಸಿರೆತ್ತಲಿಲ್ಲ. ಹೆಬ್ಬಾಳದ ಹತ್ತಿರ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡೆವು. ಹಿಂದಿನ ಸೀಟಿಂದ ಒಬ್ಬ ಗಾರ್ಮೆಂಟ್ಸ್ ಹುಡುಗಿ ಮೆಲ್ಲಗೆ, "ಬಾಗಿಲು ಬಡಿದೋರು ಯಾರಿರಬೋದು?" ಅಂದಳು.

ಅಷ್ಟೇ ಸಾಕಾಯಿತು.

"ಅವಳ ಗಂಡಾನೇ ಕಣ್ರೀ, ವಾಪಸ್ ಬಂದಿದಾನೆ" ಅಂದರು ಕನ್ನಡಕದ ಮೇಡಂ.

"ಗಂಡ ಅಲ್ಲ ಆಂಟಿ, ಮನೆ ಓನರು. ನೀರು ಬಂತು ಅಂತ ಹೇಳಕ್ಕೆ ಬಂದವ್ನೆ" ಅಂದಳು ಹುಡುಗಿ.

ಎಲ್ಲ ನಕ್ಕರು. ಆಮೇಲೆ ಆ ಹುಡುಗಿಯೇ, "ಅಯ್ಯೋ, ಓನರ್ ಬಂದು ನಿಮ್ ಯಜಮಾನ್ರು ಇನ್ನೂ ಬಂದಿಲ್ವಾಮ್ಮ ವರ್ಷದಿಂದ ಅಂತ ಅತ್ತೆ ಎದುರಿಗೇ ಕೇಳಿಬಿಟ್ರೆ?" ಅಂದಳು. ನಗು ನಿಂತುಹೋಯಿತು.

ಅದುವರೆಗೂ ಸುಮ್ಮನಿದ್ದ ಶಾಂತವ್ವ, "ಯಾರರ ಇರವಲ್ರ್ಯಾಕ. ಬಾಗಲಾ ತಗಿಯೂಕಿಂತ ಮದಲ ಅತ್ತೀಗೆ ಖರೇ ಹೇಳಬೇಕೋ ಬ್ಯಾಡೋ? ಅದನ್ನ ಹೇಳ್ರಿ" ಅಂದಳು.

ಹೇಳಬೇಕು ಅಂತ ಅರ್ಧ ವ್ಯಾನು, ಹೇಳಬಾರದು ಅಂತ ಅರ್ಧ ವ್ಯಾನು. ಮುದುಕಿ ಎದೆ ಒಡೆದು ಸಾಯುತ್ತೆ ಅಂತ ಒಬ್ಬರು. ಹೇಳದಿದ್ದರೆ ನೀಲಾ ಸಾಯ್ತಾಳೆ, ಮುದುಕಿ ಸೊಸೆ ಜೊತೆ ನಿಲ್ಲುತ್ತೆ ನೋಡ್ತಿರಿ ಅಂತ ಇನ್ನೊಬ್ಬರು. ಒಬ್ಬಳು ಬಿಕ್ಕಿ ಬಿಕ್ಕಿ ಅತ್ತಳು, ಯಾಕೆ ಅಂತ ಯಾರೂ ಕೇಳಲಿಲ್ಲ. ಗೊರಗುಂಟೆಪಾಳ್ಯ ಬಂದರೂ ಜಗಳ ಮುಗಿಯಲಿಲ್ಲ. ಕಡೆಗೆ ಡ್ರೈವರು ತಿರುಗಿ, "ಅಕ್ಕ, ಯಾವ ಚಾನಲ್ಲು ಅದು? ನಮ್ಮನೆಯವಳಿಗೂ ಹೇಳ್ತೀನಿ" ಅಂದ.

ಇಳಿಯುವಾಗ ಶಾಂತವ್ವನನ್ನ ಕೇಳಿದೆ, "ಇಷ್ಟು ಮಾತಾಡ್ತೀಯ, ಗುಂಡಿ ಯಾಕೆ ತಿರುಗಿಸಲಿಲ್ಲ?"

"ಕೈಯಾಗ ಅದು ಐತಿ ಅನ್ನೂದ ಮರತ ಹೋತ ಯಕ್ಕಾ" ಅಂದಳು.

ನಾನು ಆವತ್ತೇ ಮಾಲಿನಿ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. "ರತ್ನಮ್ಮ, ನಾನೂ ಅದನ್ನೇ ಯೋಚಿಸ್ತಿದ್ದೆ. ನಾನೂ ಕಂತು ಮುಗಿಯೋವರೆಗೂ ಒಂದಕ್ಷರ ಬರ್ಕೊಂಡಿಲ್ಲ" ಅಂದರು. ಬೆಳಿಗ್ಗೆ ಚಾನಲ್ಲಿನವರ ಹತ್ತಿರ ಹೋಗಿ ಇನ್ನೊಂದು ಸಲ ತೋರಿಸೋಣ, ಗುಂಡಿ ಇಲ್ಲದೆ ತೋರಿಸೋಣ ಅಂತ ಕೇಳಿದರಂತೆ. ಬಂಗಲೆ ಸೀರಿಯಲ್ಲಿಗೆ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ನೀಲಾ ರೂಮಿನ ಸೆಟ್ಟನ್ನ ಬಿಚ್ಚಿ ಹಾಕಿದ್ದರಂತೆ. ಆ ಕಥೆ ಬರೆದವರು ಯಾರೋ, ಎಲ್ಲಿಗೆ ಹೋದರೋ. ಅದೊಂದು ಕಂತನ್ನ ಈ ಲೋಕದಲ್ಲಿ ನೋಡಿದ ಹೊರಗಿನ ಹೆಂಗಸರು ಅಂದರೆ ನಾವೇ ಇಷ್ಟು ಜನ.

ನನ್ನ ಕೆಲಸದಲ್ಲಿ ಇದೊಂದು ಕೊರತೆ ಮೊದಲಿಂದಲೂ ಇತ್ತು ಮಕ್ಕಳಾ. ವರ್ಷಗಟ್ಟಲೆ ಮೊದಲನೇ ಕಂತುಗಳನ್ನೇ ನೋಡಿದೆ. ಮದುವೆ ಚಪ್ಪರದಲ್ಲಿ ನಿಂತುಹೋದ ಹುಡುಗಿಯರು, ಆಸ್ಪತ್ರೆಯಲ್ಲಿ ಅದಲುಬದಲಾದ ಕೂಸುಗಳು, ಎಲ್ಲರನ್ನೂ ಅಲ್ಲಲ್ಲೇ ಬಿಟ್ಟು ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದ್ದೀನಿ. ಯಾವುದೂ ಕಾಡಲಿಲ್ಲ. ನೀಲಾ ಕಾಡಿದಳು.

ನನಗಿಂತ ಹೆಚ್ಚು ಶಾಂತವ್ವನನ್ನ ಕಾಡಿದಳು. ಬೋರ್‌ವೆಲ್ ನೀರಿಗೆ ಅಂತ ಕೊಡ ಹಿಡಿದು ಬಂದಾಗೆಲ್ಲ, "ಯಕ್ಕಾ, ಅದು ಯಾವಾಗ ಬರ್ತೈತಿ?" "ಯಕ್ಕಾ, ಈ ವಾರ?" ನನಗೆ ಬರಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಬರುತ್ತೆ ಅನ್ನೋಕೂ ಬರಲಿಲ್ಲ. ನೋಡೋಣ ಅಂತಿದ್ದೆ. ಯಾವುದೋ ಗುಜರಿಯಿಂದ ಒಂದು ಹಳೇ ಟೀವಿ ತಂದಳು. ಚಿತ್ರ ಅಲ್ಲಾಡುತ್ತಿತ್ತು, ತಲೆ ಮೇಲೆ ಮೊಟಕಿದರೆ ನಿಲ್ಲುತ್ತಿತ್ತು. ಸಂಜೆ ಹೊತ್ತು ಅವಳ ರೂಮಿನಿಂದ ಠಪ್ ಠಪ್ ಅಂತ ಸದ್ದು ಕೇಳುತ್ತಿತ್ತು. ಬಂಗಲೆ ಸೀರಿಯಲ್ಲು ಶುರುವಾಗಿ, ಮನೆಮನೆಯಲ್ಲೂ ಅದೇ. ಅವಳು ಅದು ಮುಗಿಯೋವರೆಗೂ ಕೂತು, ಆಮೇಲಾದರೂ ನೀಲಾ ಬರ್ತಾಳೇನೋ ಅಂತ ಕಾಯುತ್ತಿದ್ದಳು.

ಒಂದು ಭಾನುವಾರ ನಾನೇ ಹೋಗಿ ಹೇಳಿದೆ. "ಶಾಂತವ್ವ, ಅದು ಬರಲ್ಲ ಕಣೇ. ನಿಲ್ಲಿಸಿಬಿಟ್ಟವ್ರೆ."

ಅವಳು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಂತಿತು.

"ಯಾಕ?"

"ನಮಗೆ ಇಷ್ಟ ಆಗಲಿಲ್ಲ ಅಂತ ಕಂಪ್ಯೂಟರು ಹೇಳ್ತಂತೆ."

"ನಮಗ?" ಅಂದಳು. ಕೈಗೆ ಹತ್ತಿದ್ದ ಹಿಟ್ಟು ಉದುರಿಸಿಕೊಂಡು, "ಯಕ್ಕಾ, ನಮ್ಮಾಂವ ಗೋವಾದಾಗ ಇಲ್ಲ. ಎಲ್ಲಿ ಅದಾನೋ ನನಗ ಗೊತ್ತಿಲ್ಲ. ನಮ್ಮತ್ತಿ ಫೋನ್ ಹಚ್ಚಿದಾಗೆಲ್ಲ ಕೆಲಸಕ್ಕ ಹೋಗ್ಯಾನ ಅಂತೇನಿ" ಅಂದಳು. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು, ನಾನೇ ತೆಗೆದೆ. "ನೀಲವ್ವ ಹೆಂಗ ಹೇಳ್ತಾಳ ನೋಡೂಣು, ಆಮ್ಯಾಲ ನಾನೂ ಹಂಗಾ ಹೇಳೂಣು ಅಂತ ಮಾಡಿದ್ನಿ."

ಮೀಟಿಂಗಲ್ಲಿ ಸಾವಿರ ಸಲ ಕೇಳಿದ್ದೆ, ಸೀರಿಯಲ್ಲು ಯಾಕೆ ನೋಡ್ತೀರಿ ಅಂತ ಮೇಡಂ ಕೇಳೋರು, ಹೊತ್ತು ಹೋಗಕ್ಕೆ ಅಂತ ಇವರು ಹೇಳೋರು. ಈ ಉತ್ತರ ಒಂದು ಸಲವೂ ಬಂದಿರಲಿಲ್ಲ.

"ಬಿಡ ಯಕ್ಕಾ, ಇನ್ನ ನಾನಾ ಹೇಳಬೇಕು" ಅಂದಳು.

ಆ ತಿಂಗಳು ಮುಗಿದ ಮೇಲೆ ಊರಿಗೆ ಹೊರಟಳು. ಮೆಜೆಸ್ಟಿಕ್ಕಲ್ಲಿ ಬಸ್ಸು ಹತ್ತಿಸಿ ಬಂದವಳು ನಾನೇ. ಕಿಟಕಿಯಲ್ಲಿ ಸೆರಗು ಬಾಯಿಗೆ ಹಿಡಿದು ನಕ್ಕಳೋ, ಇಲ್ಲಾ ಅತ್ತಳೋ, ಬಸ್ಸು ಹೊರಟಿತ್ತು. ಅಲ್ಲಿ ಹೋಗಿ ಅತ್ತೆಗೆ ಹೇಳಿದಳಾ, ಆ ಮುದುಕಿ ಏನಂದಳು, ಗಂಡ ಬಂದನಾ, ಒಂದೂ ಗೊತ್ತಿಲ್ಲ. ಅವಳು ಕೊಟ್ಟಿದ್ದ ನಂಬರಿಗೆ ಹಚ್ಚಿದರೆ ಯಾರೋ ಗಂಡಸು ರಾಂಗ್ ನಂಬರ್ ಅಂದ. ಟೀವಿನ ನನಗೇ ಬಿಟ್ಟುಹೋಗಿದ್ದಳು. ತಲೆ ಮೇಲೆ ಮೊಟಕೋಕೆ ನನಗೆ ಮನಸ್ಸು ಬರಲಿಲ್ಲ, ಅದು ಹಂಗೇ ಕೆಟ್ಟುಹೋಯಿತು.

ಆಮೇಲೆ ಮಾಲಿನಿ ಮೇಡಂ ಗುಂಡಿ ಡಬ್ಬಿಗಳನ್ನ ಬೀರುವಿಗೆ ಹಾಕಿಸಿದರು. ಕಂತು ಮುಗಿದ ಮೇಲೆ ಒಂದಿಷ್ಟು ಹೊತ್ತು ಏನೂ ಕೇಳದೆ ಸುಮ್ಮನೆ ಕೂರೋದು ಅಂತ ಮಾಡಿದರು. ಎಷ್ಟೋ ಸಲ ಅವರೂ ನಮ್ಮ ಜೊತೆ ವ್ಯಾನಲ್ಲಿ ಪೀಣ್ಯದ ತನಕ ಬಂದು, ಬಸ್ಸಲ್ಲಿ ವಾಪಸ್ ಹೋಗೋರು. ಎಲ್ಲ ಸರಿಹೋಯಿತು, ನೀಲಾ ಕಥೆ ಒಂದು ಬಿಟ್ಟು. ಮೇಡಂ ಬೇರೆ ಊರಿಗೆ ಹೋದರು. ಹೊಸಬರು ಬಂದು ಡಬ್ಬಿಗಳನ್ನ ಮತ್ತೆ ಈಚೆ ತೆಗೆದರು. ನನ್ನ ಮಂಡಿ ನೋವು ಜಾಸ್ತಿಯಾಯಿತು, ನಾನು ಬಿಟ್ಟೆ.

ಸಹನಾ ಮೊನ್ನೆ ಬಂದಿದ್ದಳು. ಅವಳ ಕೆಲಸದಲ್ಲಿ ಈಗ ರೂಮೂ ಇಲ್ಲ, ಕನ್ನಡಿಯೂ ಇಲ್ಲವಂತೆ. ಜನ ಫೋನಲ್ಲೇ ಮೊದಲನೇ ಕಂತು ನೋಡ್ತಾರೆ, ಎಲ್ಲಿ ನಿಲ್ಲಿಸಿದರು, ಎಲ್ಲಿ ಓಡಿಸಿದರು ಅಂತ ಇವರಿಗೆ ಕಾಣುತ್ತಂತೆ. "ಎಲ್ಲಾ ತಾನೇ ಗೊತ್ತಾಗುತ್ತೆ ಅಜ್ಜಿ" ಅಂದಳು. ಏನು ಜಾಣೆ ನನ್ನ ಕೂಸು! ಹೇಳುತ್ತಲೇ ಅವಳ ಹೆಬ್ಬೆರಳು ಫೋನಿನ ಮೇಲೆ ಮೇಲಕ್ಕೆ, ಮೇಲಕ್ಕೆ. ಅವಳ ಬೆರಳು ನಿಂತಿದ್ದನ್ನ ನಾನು ವರ್ಷಗಳಿಂದ ನೋಡಿಲ್ಲ, ಊಟ ಮಾಡುವಾಗಲೂ ಎಡಗೈ ಓಡುತ್ತಿರುತ್ತೆ.

ನಾನು ತೊಗರಿಕಾಯಿ ಬಿಡಿಸುತ್ತಾ, ಇಲ್ಲಿ ಬರೆದ ಹಾಗೇ, ನೀಲಾ ಕಥೆ ಹೇಳಿದೆ. ಸೈರನ್ನಿಂದ ಶುರುಮಾಡಿದೆ. "ಹ್ಞೂಂ, ಹ್ಞೂಂ" ಅಂತಿದ್ದಳು, ಬೆರಳು ಓಡುತ್ತಿತ್ತು. ಅತ್ತೆ ಮೆಟ್ಟಿಲ ಮೇಲೆ ಕೂತಿತ್ತು ಅಂದೆ. ಎಳ್ಳುಂಡೆ ಅಂದೆ. ಮೂರು ತಟ್ಟೆ ಅಂದೆ. "ಹ್ಞೂಂ" ನಿಂತಿತು. ಅವನು ಬಂದ ಮೇಲೇ ಒಟ್ಟಿಗೆ ಉಣ್ಣೋಣ ಅಂತು ಮುದುಕಿ ಅಂದೆ. ಆಮೇಲೆ ಬಾಗಿಲು ಬಡಿದ ಸದ್ದು, ಅಂದು ತೊಗರಿಕಾಯಿ ತಟ್ಟೆ ಮೇಲೆ ಎರಡು ಸಲ ಬೆರಳಿಂದ ಕುಟ್ಟಿದೆ.

ನೋಡಿದರೆ ಅವಳ ಹೆಬ್ಬೆರಳು ಫೋನಿನ ಮೇಲೆ ಹಂಗೇ ಕೂತಿದೆ. ಅಲ್ಲಾಡುತ್ತಿಲ್ಲ. ಫೋನಿನ ಬೆಳಕು ತಾನಾಗೇ ಆರಿತು. ಅದು ಆರಿದ್ದು ಅವಳಿಗೆ ಗೊತ್ತಾಗಲಿಲ್ಲ.

ನನ್ನ ಹೊಟ್ಟೆಯೊಳಗೆ ಎಂಥ ಸಂತೋಷ ಅಂತೀರಿ! ಅದರ ಹಿಂದೆಯೇ, ಇದನ್ನ ಹೇಳೋಣ ಅಂದರೆ ಶಾಂತವ್ವ ಎಲ್ಲಿದಾಳೋ ಅನ್ನಿಸಿತು.

"ಅಜ್ಜಿ" ಅಂದಳು ಸಹನಾ, "ಆಮೇಲೆ? ಹೇಳಿದಳಾ?"

"ಗೊತ್ತಿಲ್ಲ ಮಗಾ" ಅಂದೆ.

ಇಬ್ಬರೂ ಸುಮ್ಮನೆ ಕೂತೆವು. ನಾನು ಏನೂ ಕೇಳಲಿಲ್ಲ.